ಲಾಕ್ ಸರಿಸಿದ ಕಾರ್ಡ್

ಜನ್ನಾಪುರದ ಸುಮನಾಳ ಮದುವೆಯ ವಿಡಿಯೋ ತೆಗೆದವನು ನಾನೇ. ಮರುದಿನವೇ ಅವಳ ಅಪ್ಪ ತೀರಿಕೊಂಡರು. ಅವರು ಮಗಳಿಗೆ ಅಕ್ಷತೆ ಹಾಕಿದ್ದು ಆ ಮೆಮೊರಿ ಕಾರ್ಡಿನಲ್ಲಿ ಮಾತ್ರ ಇತ್ತು. ಹೊಸದೇನೂ ಅದರಲ್ಲಿ ಸೇರದಂತೆ ಕಾರ್ಡಿನ ಅಂಚಿನಲ್ಲಿರುವ ಪುಟ್ಟ ಲಾಕ್ ಸರಿಸಿ, ಸವಳಂಗ ರಸ್ತೆಯ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿದೆ. ಕಾರ್ಡ್ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಕಾಪಿ ಅರ್ಧಕ್ಕೇ ನಿಂತಿತು.

"ಕಿತ್ತು ಫಾರ್ಮ್ಯಾಟ್ ಹೊಡಿ ಮಾರಾಯ, ಸಂಜೆ ಇನ್ನೊಂದು ಮದುವೆಗೆ ಕಾರ್ಡ್ ಬೇಕು," ಎಂದರು ಓನರ್ ಜಾಕಿರ್.

"ನಿಮ್ಮಪ್ಪನ ವಿಡಿಯೋ ಆಗಿದ್ರೆ ಹೊಡೀತಿದ್ರಾ ಭಾಯ್? ಮುಟ್ಟಿದ್ರೆ ಕೈ ಮುರೀತೀನಿ!"

ಊಟ ಬಿಟ್ಟು ಕಾದೆ; ಕಾಪಿ ಮುಗಿಯಿತು. ಅಕ್ಷತೆ ಬಿದ್ದ ಮೇಲೂ ವಿಡಿಯೋ ಓಡುತ್ತಲೇ ಇತ್ತು. ಖಾಲಿ ಛತ್ರದಲ್ಲಿ ಅವಳಪ್ಪ ಒಬ್ಬರೇ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಅದನ್ನು ನಾನು ತೆಗೆದಿರಲಿಲ್ಲ. ಕಾರ್ಡನ್ನು ಮತ್ತೆ ಹಾಕಿ ನೋಡಿದೆ: ಲಾಕ್ ಸರಿಸಿದಂತೆಯೇ ಇತ್ತು, ಆದರೂ ಕುರ್ಚಿ ಹತ್ತಿರ ಬಂದಿತ್ತು.

ಸುಮನಾಗೆ ಸಿಡಿ ಮಾಡಿ ಕೊಟ್ಟೇ ಕೊಟ್ಟೆ. ಅವಳ ಮನೆಯ ಟಿವಿಯಲ್ಲಿ ಅಕ್ಷತೆ ಪೂರ್ತಿ ಬಂತು. ಆಮೇಲೆ ಅದೇ ಛತ್ರ, ಅದೇ ಕುರ್ಚಿ ಬಂತು; ಆದರೆ ಕುರ್ಚಿಯಲ್ಲಿ ಅವಳಪ್ಪ ಇರಲಿಲ್ಲ, ಅದು ಖಾಲಿ ಇತ್ತು.