ನಾಲ್ಕನೇ ತಲೆಮಾರಿನ ಅನ್ನವ್ವ

“ಯಾರ್ರಿ ಈ ಅನ್ನವ್ವ?”

ರೋಹಿಣಿ ಕಾದಂಬರಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ, ಪೇಪರು ಓದುತ್ತಿದ್ದ ಶಂಕ್ರಪ್ಪ ಕಾಕಾ ತಲೆಯೆತ್ತಿದರು. ಗ್ರಂಥಾಲಯದಲ್ಲಿ ಸದ್ದು ಮಾಡಬೇಡಿರೆಂದು ಊರಿಗೆಲ್ಲ ಹೇಳುವವಳೇ ಇವಳು!

ಎದುರಿಗಿದ್ದ ಹೇಮಂತ ತಬ್ಬಿಬ್ಬಾದ. “ಅದು... ನಿಮಗ ಹೆಂಗ...”

“ಪುಸ್ತಕದಾಗ ಹಾಳಿ ಬಿಟ್ಟು ಹೋಗಿದ್ರಿ.”

ಅಣ್ಣಿಗೇರಿಯ ಈ ಕಾಳಿನ ವ್ಯಾಪಾರಿ ಮೂರು ತಿಂಗಳಿಂದ ಇದೊಂದೇ ಒಂಬೈನೂರು ಪುಟದ ಕಾದಂಬರಿಗೆ ಅಂಟಿಕೊಂಡಿದ್ದ. ಒಂದೇ ಮನೆತನದ ನಾಲ್ಕು ತಲೆಮಾರಿನ ಕಥೆ. ವಾರಕ್ಕೊಮ್ಮೆ ಬಂದು, ಬೀಗರ ಮನೆ ಸುದ್ದಿ ಹೇಳುವ ಹಾಗೆ ಆ ಮನೆಯವರ ಸುದ್ದಿಯನ್ನು ರೋಹಿಣಿಗೆ ಹೇಳುತ್ತಿದ್ದ.

“ಅಜ್ಜಿ ನುಂಗಿಕೊಂಡ ಮಾತು ಮೊಮ್ಮಗಳ ಬಾಯಾಗ ಬರ್ತದರಿ! ಹೆಂಗ ಬಿಡಾಕ ಮನಸಾದೀತು?”

ಕೇಳುತ್ತಾ ಕೇಳುತ್ತಾ ಹುಡುಗಿ ಮನಸ್ಸು ಕೊಟ್ಟುಬಿಟ್ಟಿದ್ದಳು. ಕಾದಂಬರಿಯ ಹಿರಿಸೊಸೆಯನ್ನು ಅವನು ಹೊಗಳಿದರೂ ಇವಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಪುಸ್ತಕದೊಳಗಿನ ಹೆಣ್ಣಿನ ಮೇಲೂ ಹೊಟ್ಟೆಕಿಚ್ಚೇ? ಹೌದು ಮತ್ತೆ!

ಆದರೆ ಇದು ಪುಸ್ತಕದ ಹೆಣ್ಣಲ್ಲ. ಯಾರು ಯಾರ ಮಗ ಎಂದು ನೆನಪಿಡಲು ಪಟ್ಟಿ ಬರೆದುಕೊಂಡಿದ್ದ ಹೇಮಂತ, ಹಾಳೆಯ ಹಿಂದೆ ತನ್ನ ಮನೆತನದ ಪಟ್ಟಿಯನ್ನೂ ಬರೆದಿದ್ದ. ಕೊನೆಯ ಸಾಲಿನಲ್ಲಿ ‘ಹೇಮಂತ’. ಪಕ್ಕದಲ್ಲೇ ‘ಅನ್ನವ್ವ’!

“ನಾಳೆ ಅಪ್ಪ ಯರಗುಪ್ಪಿ ವರಗ ಒಪ್ಪಿಗಿ ಹೇಳ್ತಾನ. ನೀವು ಏನರ ಅಂತೀರೇನೋ ಅಂತ ನಾ ದಾರಿ ಕಾಯ್ಕೊಂತ ಕುಂತೀನಿ... ನೀವು ನೋಡಿದ್ರ ಯಾವಾಕಿನ್ನೋ ಬಾಜು ಕುಂದ್ರಿಸ್ಕೊಂಡೀರಿ! ಭಾಳ ಚೆಂದ ಅದಾಳೇನು?”

“ಅಗದಿ ಚೆಂದ ಅದಾಳ್ರಿ. ಸಿಟ್ಟಿಗೆದ್ದಾಗಂತೂ...”

‘ಅಳಬಾರದು... ಇವನೆದುರಿಗಂತೂ ಅಳಬಾರದು...’ ಕಣ್ಣು ಎಲ್ಲಿ ಕೇಳುತ್ತದೆ? ತುಂಬಿಯೇ ಬಂತು.

ಹೇಮಂತ ಗಾಬರಿಯಾದ. “ಹಾಳಿ ಪೂರಾ ಓದೀರೇನ್ರಿ?”

“ಕಡೀ ಸಾಲು ಓದೀನಿ. ಅಷ್ಟ ಸಾಕು.”

“ಪುಸ್ತಕ ಕಾಯೋರು ನೀವು, ಕಡೀ ಪುಟ ಮೊದಲು ಓದಿದ್ರ ಹೆಂಗ್ರಿ? ಮ್ಯಾಲಿಂದ ಓದ್ರಿ.”

ಓದಿದಳು. ಮುತ್ತಜ್ಜ ಸಿದ್ಧಾರೂಢ, ಪಕ್ಕದಲ್ಲಿ ಅನ್ನವ್ವ. ಅಜ್ಜನ ಪಕ್ಕದಲ್ಲೂ ಅನ್ನವ್ವ. ಅಪ್ಪ ಕಾಶಿನಾಥನ ಪಕ್ಕ... ಮತ್ತೆ ಅನ್ನವ್ವ!

“ನಮ್ಮ ಮನೀಗೆ ಹಿರೇ ಸೊಸಿಯಾಗಿ ಯಾರ ಬರ್ಲಿ, ಲಗ್ನದ ದಿನ ಅನ್ನವ್ವ ಅಂತ ಹೆಸರಿಡ್ತಾರ್ರಿ. ನಮ್ಮವ್ವನ ತವರ ಹೆಸರು ಮಲ್ಲಮ್ಮ. ನಿಮ್ಮ ಹೆಸರು ಬರಿಯಾಕ ಧೈರ್ಯ ಸಾಲಲಿಲ್ಲ. ಅದಕ್ಕ ಮನೀ ಹೆಸರು ಬರದೆ. ಬರ್ತೀರೇನ್ರಿ, ರೋಹಿಣಿ?”

ಶಂಕ್ರಪ್ಪ ಕಾಕಾ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ನಗು, ನಾಚಿಕೆ, ಅಳು ಎಲ್ಲ ಒಟ್ಟಿಗೇ ಬಂದವು. ಆದರೂ ಒಂದು ಚೂರು ಹೊಟ್ಟೆಕಿಚ್ಚು ಉಳಿದೇ ಇತ್ತು ನೋಡಿ!

“ಬರ್ತೀನಿ. ಆದ್ರ ನಿಮ್ಮ ಬಾಜು ಅನ್ನವ್ವ ಬ್ಯಾಡ. ನೀವು ಹಂಗ ಕರದ್ರ ಇನ್ಯಾರನ್ನೋ ಕರದಂಗ ಆಗ್ತದ. ನಾ ರೋಹಿಣಿನ ಇರ್ತೀನಿ.”

“ಮೂರು ತಲಿಮಾರಿನ ಪದ್ಧತಿ... ಅವ್ವ ಏನಂತಾಳೋ...”

“ಅವ್ವಗ ಒಂದ ಮಾತು ಕೇಳ್ರಿ. ಆಕಿನ್ನ ಮಲ್ಲಮ್ಮ ಅಂತ ಯಾರರ ಕರದು ಎಷ್ಟ ವರ್ಷ ಆತು?”

ಹೇಮಂತ ತಾನು ಹುಟ್ಟಿದಾಗಿನಿಂದ ಆ ಹೆಸರನ್ನು ಮನೆಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ.

“ಇವತ್ತ ಕೇಳ್ತೀನಿ,” ಎಂದ ಮೆತ್ತಗೆ. “ಕೇಳಿ, ಆಕಿನ್ನ ಕರಕೊಂಡು ಸೀದಾ ನಿಮ್ಮ ಮನೀಗೆ ಬರ್ತೀನಿ, ರೋಹಿಣಿ.”

“ಇನ್ನೊಮ್ಮೆ ಕರೀರಿ...”

“ರೋಹಿಣಿ.”