ತೊಂಡೆ ಚಪ್ಪರದ ವೈರು

ಮಗಳನ್ನು ಕೊಡಲು ಒಪ್ಪಿದ್ದ ಗುರುಮಲ್ಲಪ್ಪನವರು ಇಂಟರ್‌ನೆಟ್ ಕೊಡಲು ಒಪ್ಪಲಿಲ್ಲ. ಅಮೃತೇಶನಿಗೆ ಉರಿದುಹೋಗಿದ್ದು ಅದಕ್ಕೇ. ನಂಜನಗೂಡಿನ ಆ ಬೀದಿಯಲ್ಲಿ ಮೊದಲ ಬ್ರಾಡ್‌ಬ್ಯಾಂಡ್ ಬಂದದ್ದು ಬಾಳೆಮಂಡಿ ನಡೆಸುವ ಈ ಭಾವೀ ಮಾವನ ಮನೆಗೆ. ಅದನ್ನು ಜೋಡಿಸಿಕೊಟ್ಟವನು ಪಕ್ಕದ ಮನೆಯ ಅಮೃತೇಶನೇ. ಮೋಡೆಮ್ಮಿನ ಬೆನ್ನಲ್ಲಿ ನಾಲ್ಕು ತೂತು, ಮೂರು ಖಾಲಿ. ಒಂದು ವೈರು ಎಳೆದರೆ ತನ್ನ ಕಂಪ್ಯೂಟರಿಗೂ ಬರುತ್ತದೆ, ಅರ್ಧ ಬಿಲ್ಲು ತಾನೇ ಕಟ್ಟುತ್ತೇನೆ ಎಂದು ಕೇಳಿಯೂ ನೋಡಿದ.

“ನಮ್ಮನೆಯಿಂದ ಮಗ್ಳು ಬತ್ತಾಳೆ ಕಣಪ್ಪ, ವೈರು ಬರಕಿಲ್ಲ,” ಎಂದರು ಅವರು.

ಜಿಪುಣಾಗ್ರೇಸರ! ಕೇಳಿದರೆ ಕೊಡದವರ ಹತ್ತಿರ ಕೇಳದೆ ತೆಗೆದುಕೊಳ್ಳಬೇಕು ಎಂದು ಅಮೃತೇಶ ಅಂದೇ ತೀರ್ಮಾನಿಸಿದ. ಆದರೆ ಸಿಕ್ಕಿಬಿದ್ದರೆ ವಿಜಯದಶಮಿಯ ನಿಶ್ಚಿತಾರ್ಥ ಮುರಿದುಬಿದ್ದು ಶಿವರಂಜನಿ ಕೈತಪ್ಪುತ್ತಾಳೆ. ಅವಳೆಂದರೆ ಅವನಿಗೆ ಪ್ರಾಣ. ಹಾಗಾಗಿ ಕೆಲಸ ಅಚ್ಚುಕಟ್ಟಾಗಿರಬೇಕಿತ್ತು.

ಆ ಮನೆಯವರೆಲ್ಲ ತಾಂಡವಪುರಕ್ಕೆ ಗೃಹಪ್ರವೇಶಕ್ಕೆ ಹೊರಟಾಗ ಮನೆ ನೋಡಿಕೊಳ್ಳಲು ಕಳ್ಳನ ಕೈಗೇ ಕೀಲಿ ಕೊಟ್ಟುಹೋದರು. ಮೋಡೆಮ್ಮಿನಿಂದ ಕಿಟಕಿಗೆ, ಕಿಟಕಿಯಿಂದ ಕಾಂಪೌಂಡಿಗೆ, ಅಲ್ಲಿಂದ ತನ್ನ ಅವ್ವನ ತೊಂಡೆ ಚಪ್ಪರಕ್ಕೆ. ಹಸಿರು ಬಳ್ಳಿಯೊಳಗೆ ಹಸಿರು ವೈರು. ಅದನ್ನು ಹುಡುಕಲೆಂದೇ ಮೈಸೂರೆಲ್ಲ ಅಲೆದಿದ್ದ.

ಇನ್ನು ಅವ್ವ ವಿಶಾಲಮ್ಮ. ಕಾಯಿ ಕೊಯ್ಯುವಾಗ ವೈರನ್ನೂ ಕೊಯ್ದುಬಿಟ್ಟರೆ?

“ಅವ್ವ, ಇದೂ ಕಂಪ್ಯೂಟರಿಂದೇ ಒಂದು ಭಾಗ. ಇದಿಲ್ದಿದ್ರೆ ಅದು ನಡೆಯಲ್ಲ.”

“ಆಯ್ತು ಕಣಪ್ಪ, ಜ್ವಾಪಾನವಾಗಿ ನೋಡ್ಕತೀನಿ.”

ತನ್ನ ಮುಂದಾಲೋಚನೆಗೆ ತಾನೇ ಬೆನ್ನು ತಟ್ಟಿಕೊಂಡ. ಒಮ್ಮೆ ಗುರುಮಲ್ಲಪ್ಪನವರು, “ಯಾಕೋ ಇಂಟರ್ನೆಟ್ಟು ಎತ್ತಿನ ಗಾಡಿ ಆಗ್ಬುಟ್ಟದೆ,” ಎಂದು ಗೊಣಗಿದಾಗ ಇವನೇ ಹೋಗಿ ಮೋಡೆಮ್ಮಿನ ದೂಳು ಒರೆಸಿ, ಶಿವರಂಜನಿ ಕೊಟ್ಟ ಕಾಫಿ ಕುಡಿದು ಬಂದ.

ಆಯುಧಪೂಜೆಯ ಬೆಳಿಗ್ಗೆ ಅವನು ಬೀದಿಯಲ್ಲಿ ಸ್ಕೂಟರ್ ತೊಳೆದು ಒಳಗೆ ಬರುವಷ್ಟರಲ್ಲಿ ಗುರುಮಲ್ಲಪ್ಪನವರು ತಲೆ ಮೇಲೆತ್ತಿಕೊಂಡು ಚಪ್ಪರದುದ್ದಕ್ಕೂ ನಿಧಾನವಾಗಿ ನಡೆದುಬರುತ್ತಿದ್ದರು. ಅವರು ನೋಡುತ್ತಿದ್ದ ಕಡೆ ಇವನೂ ನೋಡಿದ. ಆಯುಧಪೂಜೆ ಎಂದರೆ ಈಳಿಗೆಮಣೆಯಿಂದ ಇಲಿಬೋನಿನವರೆಗೆ ಮನೆಯ ಒಂದು ಸಾಮಾನನ್ನೂ ಬಿಡದ ಅವ್ವ, ಮಗನ ಮಾತು ನಂಬಿ, ಕಂಪ್ಯೂಟರಿನ ಆ ಭಾಗಕ್ಕೂ ಗೇಣಿಗೊಂದರಂತೆ ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಮುಡಿಸುತ್ತ ಹೋಗಿ, ಕಾಂಪೌಂಡಿನ ಮೇಲಿಂದ ಕೈಚಾಚಿ ಗುರುಮಲ್ಲಪ್ಪನವರ ಕಿಟಕಿಯ ಸರಳಿಗೆ ಕೊನೆಯ ಸೇವಂತಿಗೆ ಸಿಕ್ಕಿಸಿದ್ದಳು. “ವೈರು ಬಂದ್ಬುಟ್ಟದೆ ಕಣಪ್ಪ,” ಎಂದರು ಗುರುಮಲ್ಲಪ್ಪನವರು. “ಇನ್ನು ಮಗ್ಳು ಬರಕಿಲ್ಲ.”