ಯಾರೂ ಬಿಚ್ಚದ ಸೀರೆಗಳು

ಸೋಮವಾರ, 9 ಮೇ 2011. ಬೆಳಿಗ್ಗೆ 9.40ಕ್ಕೆ ಅಥಣಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಅಕ್ಕುತಾಯಿ ಮೊದಲು ಕುಡಿಯಲು ನೀರು ಕೇಳಿದಳು, ಆಮೇಲೆ ಕಳುವಿನ ಸುದ್ದಿ ಹೇಳಿದಳು. ಸತ್ತಿ ಗ್ರಾಮದಿಂದ ಟೆಂಪೊದಲ್ಲಿ ನಿಂತುಕೊಂಡೇ ಬಂದಿದ್ದಳು. ವಯಸ್ಸು ನಲವತ್ತೆಂಟು, ಗಂಡ ತೀರಿಕೊಂಡಿದ್ದಾನೆ, ಕಬ್ಬಿನ ಹೊಲದಲ್ಲಿ ಕೂಲಿ. ಬರುವ ಭಾನುವಾರ ಮಗಳು ಶುಭಾಂಗಿಯ ಮದುವೆ.

"ಏನ್ ಕಳುವಾಗೇತಿ?" ಪಿಎಸ್‌ಐ ಸಿದ್ದಲಿಂಗ ಮಠಪತಿ ಕೇಳಿದರು.

"ಸೀರಿ ರೀ. ಅರವತ್ನಾಕ ಡಬ್ಬಿ."

"ಎಲ್ಲಾ ನಿನ್ನವೇನವಾ?"

"ನನ್ನವು ಹನ್ನೊಂದ್ರಿ. ಹತ್ತು ಆಯೇರಕ್ಕ ಮದುವಿ ಮಂದಿಗೆ ಕೊಡಾಕ, ಒಂದು ಬೀಗತಿಗೆ, ಅಳ್ಯಾನ ಅವ್ವಗ. ಉಳದದ್ದು ನಮ್ಮ ಓಣಿ ಹೆಣ್ಮಕ್ಕಳದು. ಮನ್ಯಾಗ ಇಲಿ ಕಡೀತಾವಂತ ಎಲ್ಲಾ ಸಮಾಜ ಮಂದಿರದ ಖೋಲ್ಯಾಗ ಇಟ್ಟಿದ್ವಿ. ಮುಂಜಾನಿ ನೋಡಿದ್ರ ಕೀಲಿ ಒಡದೇತ್ರಿ."

"ಎಲ್ಲಿಂದ ತಂದಿದ್ರಿ ಇಷ್ಟು ಸೀರಿ?"

"ನವಧಾರಾ ಕಂಪನಿದುರಿ. ಚೈನ್ ಸಿಸ್ಟಮ್."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ದಾದಾಸಾಹೇಬರ ಪೆನ್ನು ನಿಂತಿತು. ಮಠಪತಿ ಅವರ ಮುಖ ನೋಡಿದರು. ದಾದಾಸಾಹೇಬರು ಕೆಮ್ಮಿ, "ನಮ್ಮ ಮನ್ಯಾಗೂ ನಾಕ ಡಬ್ಬಿ ಅದಾವ್ರಿ ಸರ್. ಮನಿಯವರು ಮೆಂಬರ್ ಆಗ್ಯಾರ," ಎಂದರು.

ಅಂದಿನ ದಿನಗಳಲ್ಲಿ ಅಥಣಿ, ರಾಯಬಾಗ ಕಡೆ ಈ ಕಂಪನಿಯ ಹೆಸರು ಕೇಳದ ಮನೆ ಕಡಿಮೆ. ಐದು ಸೀರೆ ಕೊಂಡರೆ ಮೆಂಬರ್. ನಿಮ್ಮ ಕೆಳಗೆ ಇಬ್ಬರನ್ನು ಸೇರಿಸಿದರೆ ಅವರು ಕೊಂಡಿದ್ದರಲ್ಲಿ ನಿಮಗೆ ಪಾಲು. ಅವರ ಕೆಳಗಿನವರದರಲ್ಲೂ ಪಾಲು. ಮಾರಾಟವಾಗದ ಸೀರೆಯನ್ನು ಸೀಲ್ ಒಡೆಯದೆ ಇಟ್ಟರೆ ವರ್ಷದೊಳಗೆ ಕಂಪನಿಯೇ ವಾಪಸ್ ಒಯ್ಯುತ್ತದೆ ಎಂಬ ಮಾತೂ ಇತ್ತು. ಆ ಮಾತನ್ನು ಹೇಳಿದವನು ಟೈ ಕಟ್ಟಿಕೊಂಡಿದ್ದ, ಆದ್ದರಿಂದ ಎಲ್ಲರೂ ನಂಬಿದ್ದರು.

ಅಕ್ಕುತಾಯಿ ಹೆಬ್ಬೆಟ್ಟು ಒತ್ತಿದಳು. 10.30ಕ್ಕೆ ಎಫ್‌ಐಆರ್ ಆಯಿತು. ಕಲಂ 457, 380, ರಾತ್ರಿ ಬಾಗಿಲು ಒಡೆದು ಕಳವು, ಆರೋಪಿ ಅಪರಿಚಿತ.

"ಐತವಾರದೊಳಗ ಸಿಗತಾವೇನ್ರಿ ಸಾಹೇಬ್ರ?" ಹೋಗುವಾಗ ಕೇಳಿದಳು.

"ನೋಡೂಣು," ಎಂದರು ಮಠಪತಿ. ಪೊಲೀಸರ ಈ ಮಾತಿಗೆ ಎಷ್ಟು ಬೆಲೆ ಎಂಬುದು ಅವರಿಗೂ ಗೊತ್ತಿತ್ತು.

ಮಧ್ಯಾಹ್ನ 12.30ಕ್ಕೆ ಸತ್ತಿಯಲ್ಲಿ ಸ್ಥಳ ಪಂಚನಾಮೆ. ಕಿರಾಣಿ ಅಂಗಡಿಯ ಜ್ಞಾನದೇವ ಒಬ್ಬ ಪಂಚ. ಖೋಲಿಯ ಕೀಲಿಗೆ ಕಲ್ಲಿನಿಂದ ನಾಲ್ಕೈದು ಪೆಟ್ಟು ಬಿದ್ದಿದ್ದವು, ಎರಡು ಪೆಟ್ಟು ಕೀಲಿಗೆ ತಾಗದೆ ಬಾಗಿಲಿನ ಕಟ್ಟಿಗೆ ಕಿತ್ತಿದ್ದವು. ಒಳಗೆ ಬುದ್ಧ ಜಯಂತಿಗೆ ಹಚ್ಚುವ ಆಂಪ್ಲಿಫೈಯರ್, ಎರಡು ಸ್ಪೀಕರ್, ಮದುವೆ ಅಡುಗೆಯ ತಾಮ್ರದ ಹಂಡೆಗಳು ಇದ್ದಲ್ಲೇ ಇದ್ದವು. ಸೀರೆ ಡಬ್ಬಿಗಳಿದ್ದ ಮೂಲೆ ಮಾತ್ರ ಖಾಲಿ.

"ಹಂಡೆ ಬಿಟ್ಟು ಸೀರಿ ಒಯ್ದಾನಂದ್ರ ಅಂವಾ ಕಳ್ಳ ಅಲ್ರಿ ಸರ್," ಎಂದರು ದಾದಾಸಾಹೇಬರು.

"ಯಾಕ?"

"ಈ ಸೀರಿ ಒಯ್ದು ಯಾರಿಗೆ ಮಾರ್ತಾನ್ರಿ? ಮನಿಗೊಬ್ಬಾಕಿ ಮಾರಾಕತ್ತಾಳ. ತೊಗೊಳ್ಳಾವ್ರ ಇಲ್ಲ. ನಮ್ಮಾಕಿ ನಾಕ ಡಬ್ಬಿ ಹಿಡ್ಕೊಂಡು ಅಥಣಿ ತುಂಬ ಅಡ್ಡಾಡ್ಯಾಳ. ಎಲ್ಲಿ ಹೋದ್ರೂ ಅವರ ಇಕಿಗಿ ಮಾರಾಕ ಬಂದ್ರಂತ."

ಮಠಪತಿಯವರಿಗೆ ನಗು ಬಂತು. ಆದರೆ ಮಾತಿನಲ್ಲಿ ತಪ್ಪಿರಲಿಲ್ಲ. ಈ ಸೀರೆಗಳಿಂದ ಯಾರಿಗಾದರೂ ಲಾಭವಿದ್ದರೆ ಅದು ಮೇಲಿನವನಿಗೆ. ಈ ಊರಿಗೆ ಕಂಪನಿ ತಂದವನು ನಿಪ್ಪಾಣಿಯ ಸಂಗ್ರಾಮ ಎಂಬ ಏಜೆಂಟ. ಸೀಲ್ ಇದ್ದ ಡಬ್ಬಿಗಳನ್ನು ವಾಪಸ್ ತೆಗೆದುಕೊಳ್ಳುವುದು ತಪ್ಪಲಿ ಎಂದು ಅವನೇ ಮಾಡಿಸಿರಬಹುದು ಎನಿಸಿತು.

ಮಂಗಳವಾರ 11.15ಕ್ಕೆ ನಿಪ್ಪಾಣಿ. ತಂಬಾಕಿನ ಗೋದಾಮಿನ ಮೇಲಿನ ಖೋಲಿಯಲ್ಲಿ ಆಫೀಸು ಎಂದು ಸಂಗ್ರಾಮನ ವಿಸಿಟಿಂಗ್ ಕಾರ್ಡಿನಲ್ಲಿತ್ತು. ಮೇಲೆ ಹತ್ತಿದರೆ ಖೋಲಿ ಖಾಲಿ. ಗೋಡೆಯ ಮೇಲೆ ಒಂದು ಕಾರಿನ ಚಿತ್ರ ಉಳಿದಿತ್ತು.

"ಮಾರ್ಚನ್ಯಾಗ ಹೋಗ್ಯಾನ್ರಿ. ಎರಡ ತಿಂಗಳ ಭಾಡೆನೂ ಕೊಟ್ಟಿಲ್ಲ," ಎಂದ ಗೋದಾಮಿನ ಮಾಲೀಕ.

"ಎಲ್ಲಿ ಹೋಗ್ಯಾನ?"

"ಅದು ನಿಮಗ ಗೊತ್ತಾದ್ರ ನನಗೂ ಹೇಳ್ರಿ. ನನ್ನ ಹೇಣ್ತಿನೂ ಅವನ ಕೆಳಗ ಅದಾಳ."

ಸಂಗ್ರಾಮನ ಫೋನು ಬಂದ್. ಮಾರ್ಚ್‌ನಲ್ಲೇ ಊರು ಬಿಟ್ಟವನು ಮೇ ತಿಂಗಳಲ್ಲಿ ಸತ್ತಿಗೆ ಬಂದು ಕಲ್ಲಿನಿಂದ ಕೀಲಿ ಒಡೆಯುವುದಿಲ್ಲ. ಮಠಪತಿ ಬರಿಗೈಯಲ್ಲಿ ಹಿಂದಿರುಗಿದರು.

ಬುಧವಾರ ಮಹಿಳಾ ಕಾನ್‌ಸ್ಟೇಬಲ್ ದ್ರೌಪದಿ ಸಮಾಜ ಮಂದಿರದ ಕಟ್ಟೆಯ ಮೇಲೆ ಕುಳಿತು ಡಬ್ಬಿ ಇಟ್ಟಿದ್ದ ಹದಿನೆಂಟೂ ಹೆಂಗಸರ ಹೇಳಿಕೆ ಬರೆದುಕೊಂಡಳು. ಕಳೆದ ಮಾಲಿನ ವಿವರ ಬೇಕಿತ್ತು. ಆದರೆ ಕಂಪನಿಯ ಮಾತು ತೆಗೆದ ಕೂಡಲೇ ಅವರು ಬೇರೆಯದನ್ನೇ ಹೇಳಿದರು. ನಿಪ್ಪಾಣಿಯ ಮಂಗಲ ಕಾರ್ಯಾಲಯದಲ್ಲಿ ಮೀಟಿಂಗ್ ಆಗಿತ್ತಂತೆ. ಹೊಲದ ಕೆಲಸದವರನ್ನು ಕುರ್ಚಿಯ ಮೇಲೆ ಕೂಡ್ರಿಸಿ ಚಹಾ ಕೊಟ್ಟಿದ್ದರಂತೆ. ಸೀತವ್ವ ಎಂಬ ಮುದುಕಿ, "ಮೈಕಿನ್ಯಾಗ ನನ್ನ ಹೆಸರ ಕರದ್ರವ್ವಾ. ಸೀತಾ ಮೇಡಮ್ ಅಂದ್ರು. ಹುಟ್ಟಿದಾಗಿಂದ ಯಾರೂ ಅಂದಿದ್ದಿಲ್ಲ," ಎಂದಳು. ಸೀರೆ ಹೋದದ್ದಕ್ಕಿಂತ ಇದನ್ನು ಬರೆಸುವುದೇ ಅವಳಿಗೆ ಮುಖ್ಯವಾಗಿತ್ತು.

"ಸೀರಿ ಹೆಂಗಿತ್ತು?" ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆಯಿಂದ ಕಂಡಷ್ಟು: ನೇರಳೆ, ಹಸಿರು, ಜರಿಯ ಸೆರಗು.

ಗುರುವಾರ ಸಂಜೆ 4 ಗಂಟೆಗೆ ಮಠಪತಿ ಆ ಹೇಳಿಕೆಗಳನ್ನು ಓದುತ್ತ ಕುಳಿತರು. ವರ್ಷವಾದರೂ ಒಬ್ಬರೂ ಡಬ್ಬಿ ಬಿಚ್ಚಿಲ್ಲವೇ? ಅನುಮಾನ ಬಂದು ಮನೆಗೆ ಫೋನು ಮಾಡಿದರು.

"ನಿನಗ ಆಯೇರದಾಗ ಬಂದ ಸೀರಿ ಬಿಚ್ಚಿ ನೋಡ್ತಿ ಏನು?"

"ಯಾಕ ಬಿಚ್ಚಲಿ? ಬಿಚ್ಚಿದ್ರ ಮತ್ತೊಬ್ಬರಿಗೆ ಕೊಡಾಕ ಬರ್ತದೇನು?" ಎಂದರು ಹೆಂಡತಿ. "ಟ್ರಂಕ್‌ನ್ಯಾಗ ಹನ್ನೆರಡು ಅದಾವ. ಯಾರರೆ ಕೊಟ್ಟದ್ದು ಯಾರಿಗರೆ ಹೋಗತಾವ. ಪೊಲೀಸ್ ಸ್ಟೇಶನ್‌ನ್ಯಾಗ ಕೆಲಸಿಲ್ಲೇನ್ ನಿಮಗ?"

ಅಷ್ಟು ಸಾಕಾಯಿತು. ಈ ಭಾಗದಲ್ಲಿ ಆಯೇರದ ಸೀರೆ ಉಡುವುದಕ್ಕಲ್ಲ, ಕೊಡುವುದಕ್ಕೆ. ಒಂದು ಮದುವೆಯಿಂದ ಇನ್ನೊಂದು ಮದುವೆಗೆ, ಅಲ್ಲಿಂದ ಇನ್ನೊಂದು ಮನೆಯ ವಾಸ್ತುಶಾಂತಿಗೆ ಅದು ತಿರುಗುತ್ತಲೇ ಇರುತ್ತದೆ. ಸಂಗ್ರಾಮನಂಥವನು ಈ ಊರುಗಳನ್ನೇ ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ ಎಂದು ಅವರಿಗೆ ಹೊಳೆಯಿತು.

ಮತ್ತೆ ಮೊದಲಿಂದ ಓದಿದರು. ಹದಿನಾಲ್ಕನೇ ಹೇಳಿಕೆ ನೀಲಮಳದು. ಅಕ್ಕುತಾಯಿಯ ತಮ್ಮ ಸುರಜನ ಹೆಂಡತಿ, ಅಂಗನವಾಡಿಯ ಸಹಾಯಕಿ, ವಯಸ್ಸು ಮೂವತ್ತೊಂದು. ಓಣಿಯಲ್ಲಿ ಮೊದಲು ಮೆಂಬರ್ ಆದವಳು. ಉಳಿದ ಹದಿನೇಳು ಮಂದಿಯೂ ಅವಳ ಕೆಳಗಿನವರು. ಅವಳ ಹೇಳಿಕೆಯಲ್ಲಿ ಹೀಗಿತ್ತು: "ಸೆರಗು ಚೆನ್ನಾಗಿದೆ, ಒಳಗೆ ಅಂಚಿಲ್ಲ."

"ಈ ಮಾತು ಅಕಿನ ಹೇಳಿದ್ಳೇನು?" ದ್ರೌಪದಿಯನ್ನು ಕೇಳಿದರು.

"ಹೌದ್ರಿ ಸರ್. ನಾ ಇದ್ದಂಗ ಬರಕೊಂಡೇನಿ."

"ಮಡಿಕಿ ಬಿಚ್ಚಲಾರದ ಒಳಗ ಅಂಚಿಲ್ಲಂತ ಹೆಂಗ ಗೊತ್ತಾತು?"

ದ್ರೌಪದಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಲನ್ನು ಮತ್ತೆ ಓದಿದಳು.

ಶುಕ್ರವಾರ, 13 ಮೇ, ಮಧ್ಯಾಹ್ನ 2.20. ಸಮಾಜ ಮಂದಿರದಲ್ಲಿ ನೀಲಮಳ ವಿಚಾರಣೆ.

"ನೀ ಡಬ್ಬಿ ಬಿಚ್ಚಿದ್ದಿ ಏನು?"

"ಇಲ್ರಿ."

"ಒಳಗ ಅಂಚಿಲ್ಲಂತ ಬರಸೀದಿ."

ಅವಳು ಕೈಬಳೆ ತಿರುವುತ್ತ ಕುಳಿತಳು.

"ಅರವತ್ನಾಕ ಡಬ್ಬಿ ಮನ್ಯಾಗ ಹಿಡಿಯೂದಿಲ್ಲ. ಅಂಗನವಾಡಿ ಕೀಲಿ ಯಾರ ಹಂತ್ಯಾಕ ಐತಿ?"

"ಸೂಟಿ ಐತ್ರಿ ಈಗ."

"ಕೀಲಿ ಯಾರ ಹಂತ್ಯಾಕ?"

ಅವಳು ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದು ನೆಲದ ಮೇಲಿಟ್ಟಳು. ಅಳಲಿಲ್ಲ. "ಅಕ್ಕಗ ಹೇಳಬ್ಯಾಡ್ರಿ," ಎಂದಳು ಅಷ್ಟೇ.

3.05ಕ್ಕೆ ಪಂಚರ ಸಮಕ್ಷಮ ಅಂಗನವಾಡಿಯ ಉಗ್ರಾಣ ತೆರೆಯಲಾಯಿತು. ಗೋಧಿ ರವೆಯ ಚೀಲಗಳ ಹಿಂದೆ ಅರವತ್ನಾಲ್ಕೂ ಡಬ್ಬಿಗಳಿದ್ದವು. ಒಂದರ ಸೀಲ್ ಒಡೆದಿತ್ತು, ಅದು ನೀಲಮಳದೇ. ಸುದ್ದಿ ಹಬ್ಬಿ ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಅಕ್ಕುತಾಯಿ ಮುಂದೆ ನಿಂತಿದ್ದಳು, ಸೀರೆ ಸಿಕ್ಕ ಸಂತೋಷಕ್ಕೆ ಪಕ್ಕದವಳ ಕೈ ಹಿಡಿದುಕೊಂಡಿದ್ದಳು. ಕದ್ದವರು ಯಾರೆಂದು ಇನ್ನೂ ಅವಳ ತಲೆಗೆ ಹೋಗಿರಲಿಲ್ಲ.

ಮಠಪತಿ ಎಣಿಸಿ ಸುಮ್ಮನಾಗಬಹುದಿತ್ತು. ಆದರೆ ಮಾಲಿನ ವಿವರ ಬರೆಯಬೇಕು, ಒಡೆದ ಡಬ್ಬಿ ಎದುರಿಗಿತ್ತು. ಸೀರೆ ತೆಗೆಸಿದರು. ನಡುವೆ ರಟ್ಟಿನ ಹಾಳೆ ಇಟ್ಟು ದಪ್ಪ ಕಾಣುವಂತೆ ಮಡಿಸಿದ್ದರು. ಸೆರಗು ಮುಗಿದ ಮೇಲೆ ಜರಿಯೂ ಇಲ್ಲ, ಅಂಚೂ ಇಲ್ಲ. ಜ್ಞಾನದೇವ ಟೇಪು ಹಿಡಿದ.

"ಮೂರು ಮೀಟರ್ ಹತ್ತು ಸೆಂಟಿಮೀಟರ್," ಎಂದ. ಸೀರೆಗೆ ಐದೂವರೆ ಬೇಕು.

"ಇನ್ನೊಂದು ಡಬ್ಬಿ ಬಿಚ್ಚು."

ಅದೂ ಅಷ್ಟೇ. ಮೂರನೆಯದಕ್ಕೆ ದಾದಾಸಾಹೇಬರು ಕೈ ಹಾಕಿದಾಗ ಅಕ್ಕುತಾಯಿ ಮುಂದೆ ಬಂದು ಡಬ್ಬಿ ಹಿಡಿದುಕೊಂಡಳು.

"ಅಳೀಬ್ಯಾಡ್ರಿ ಸಾಹೇಬ್ರ. ನಿಮ್ಮ ಕಾಲ ಬೀಳ್ತೀನಿ. ಹಂಗ ಕೊಟ್ಟಬಿಡ್ರಿ. ಬಿಚ್ಚಲಿಲ್ಲಂದ್ರ ಅದು ಸೀರಿನ ಐತಿ."

ಮಠಪತಿ ಕೈ ಸನ್ನೆ ಮಾಡಿದರು, ದಾದಾಸಾಹೇಬರು ಡಬ್ಬಿ ಬಿಟ್ಟರು. ಆದರೆ ಕೊಡಲು ಬರುವಂತಿರಲಿಲ್ಲ. ಜಪ್ತಾದ ಮಾಲು ಇನ್ನು ಮುದ್ದೆಮಾಲು. ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ನಾಳೆ ಎರಡನೇ ಶನಿವಾರ, ನಾಡಿದ್ದು ಭಾನುವಾರ.

"ಹಂಗಾರ ಕಂಪ್ಲೇಂಟ್ ವಾಪಸ್ ತೊಗೊಂತೀನ್ರಿ."

"ಬರೂದಿಲ್ಲವ್ವಾ. ಎಫ್‌ಐಆರ್ ಆಗೇತಿ. ಇನ್ನ ಅದು ಕೋರ್ಟಿನ ಕೈಯಾಗ."

ಆಗ ಅಕ್ಕುತಾಯಿ ದ್ರೌಪದಿಯ ಪಕ್ಕದಲ್ಲಿದ್ದ ನೀಲಮಳನ್ನು ನೋಡಿದಳು. ಹಿಡಿದುಕೊಂಡಿದ್ದ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು.

5.10ಕ್ಕೆ ನೀಲಮಳನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವಳು ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟಳು. ಏಪ್ರಿಲ್‌ನಲ್ಲಿ, ಇಷ್ಟು ಮಂದಿಯನ್ನು ಸೇರಿಸಿದ ಮೇಲೆ ತಾನೂ ಒಂದು ಉಡಬೇಕೆಂಬ ಆಸೆಯಾಗಿ ತನ್ನ ಡಬ್ಬಿ ಬಿಚ್ಚಿದ್ದಳು. ಸಂಗ್ರಾಮನಿಗೆ ನೂರು ಸಲ ಫೋನು ಮಾಡಿದ್ದಳು.

"ಓಣಿ ಮಂದಿಗೆ ಯಾಕ ಹೇಳಲಿಲ್ಲ?"

"ಎಲ್ಲಾರನ್ನೂ ನಾನ ಸೇರಿಸೇನ್ರಿ. ಏನಂತ ಹೇಳ್ಲಿ?"

"ಹಂಗಾರ ಸುಮ್ಮನ ಇರಬೇಕಿತ್ತು. ಯಾರೂ ಬಿಚ್ಚತಿದ್ದಿಲ್ಲ."

"ಬೀಗತಿ ಬಿಚ್ಚತಿದ್ಳು," ಎಂದಳು ನೀಲಮ. "ಉಳದ ಆಯೇರ ಟ್ರಂಕಿಗಿ ಹೋಗತಾವ್ರಿ. ಬೀಗತಿ ಸೀರಿ ಹಂದರದಾಗ ಉಟ್ಕೊಂಡು ಬಂದು ಎಲ್ಲಾರಿಗೂ ತೋರಸಬೇಕ್ರಿ. ಮೂರ ಮೀಟರ್ ಉಡಾಕ ಆಗತೈತೇನ್ರಿ? ಅಕ್ಕ ಬ್ಯಾರೆ ಸೀರಿ ತರಾಕ ರೊಕ್ಕ ಇಟ್ಟಿದ್ದಿಲ್ಲ. ಹಿಂಗ ಕಂಪನಿ ಸೀರಿನ ಕೊಡ್ತೀನಂತ ರಾಯಬಾಗಕ್ಕ ಬೀಗರ ಮನಿಗೂ ಹೇಳಿ ಕಳಿಸಿದ್ಳು."

"ಅದಕ್ಕ ಕದ್ದಿ."

"ಒಂದ ಡಬ್ಬಿ ತಗದ್ರ ಇನ್ನೊಂದು ಕೊಡತಿದ್ಳರಿ. ಅದಕ್ಕ ಎಲ್ಲಾ ತಗದ್ನಿರಿ. ಕಳುವಾದ್ರ ಮಂದಿ ಅಯ್ಯೋ ಪಾಪ ಅಂತಾರ. ಗಿಡ್ಡ ಬಂದ್ರ ನಗತಾರ್ರಿ."

"ಹೊಳಿಗೆ ಒಗದಿದ್ರ ನಮಗ ಸಿಗತಿದ್ದಿಲ್ಲ."

"ಮನಸಾಗಲಿಲ್ರಿ. ಅಕ್ಕ ಒಂದ ವರ್ಷ ಕಬ್ಬ ಕಡದು ತೊಗೊಂಡಾಳ."

ಹೇಳಿಕೆಯಲ್ಲಿ ದಾದಾಸಾಹೇಬರು ಬರೆದರು: "ಸದರಿ ಆರೋಪಿತಳು ಸಂಬಂಧಿಕರಲ್ಲಿ ಅವಮಾನವಾಗುವುದೆಂಬ ಭಯದಿಂದ ಕೃತ್ಯ ಎಸಗಿರುತ್ತಾಳೆ." ಸಂಗ್ರಾಮನ ಮೇಲೆ ವಂಚನೆಯ ಬೇರೆ ಗುನ್ನೆ ದಾಖಲಾಯಿತು. ಆ ಕಡತದಲ್ಲಿ "ತಲೆಮರೆಸಿಕೊಂಡಿದ್ದಾನೆ" ಎಂಬ ಸಾಲು ಇಂದಿಗೂ ಹಾಗೇ ಇದೆ.

ಭಾನುವಾರದ ಮದುವೆಗೆ ದಾದಾಸಾಹೇಬರು ಹೋಗಿದ್ದರು. ಸಮವಸ್ತ್ರದಲ್ಲಿ ಅಲ್ಲ, ಮನಸ್ಸು ತಡೆಯದೆ. ಬಂದು ಮಠಪತಿಯವರಿಗೆ ಎಲ್ಲ ಹೇಳಿದರು. ಅಕ್ಕುತಾಯಿ ಶನಿವಾರ ಆಡು ಮಾರಿ ಅಥಣಿಯ ಅಂಗಡಿಯಿಂದ ಒಂದು ಒಳ್ಳೆಯ ಸೀರೆ ತಂದಿದ್ದಳು. ಬುದ್ಧವಂದನೆ ಆಯಿತು, ಅಕ್ಕಿಕಾಳು ಬಿದ್ದವು. ಗಿಡ್ಡ ಸೀರೆಯ ಸುದ್ದಿ ರಾಯಬಾಗದ ಬೀಗರಿಗೂ ಮುಟ್ಟಿತ್ತು. ಬೀಗತಿಯ ಕೈಗೆ ಸೀರೆ ಕೊಟ್ಟಾಗ ಆಕೆ ಅದನ್ನು ಅಲ್ಲೇ ಬಿಚ್ಚಿ, ಒಂದು ತುದಿ ಬೆರಳಿಗೆ ಹಿಡಿದು, ಮೊಳ ಹಾಕುತ್ತ ಜೋರಾಗಿ ಎಣಿಸಿದಳಂತೆ. ಒಂದು, ಎರಡು, ಮೂರು. ರಾಯಬಾಗದ ಹೆಂಗಸರು ದನಿಗೂಡಿಸಿದರು. ಸೀರೆ ಪೂರ್ತಿ ಇತ್ತು. ಎಣಿಕೆ ಮುಗಿದ ಮೇಲೂ ನಗು ನಿಲ್ಲಲಿಲ್ಲ. ಮದುಮಗಳು ತಲೆ ಎತ್ತಲಿಲ್ಲ.

"ಉಟ್ಳೇನು?" ಮಠಪತಿ ಕೇಳಿದರು.

"ಉಟ್ಳರಿ," ಎಂದರು ದಾದಾಸಾಹೇಬರು. ತಮ್ಮ ಮನೆಯ ನಾಲ್ಕು ಡಬ್ಬಿಗಳನ್ನು ಅವರು ಅಂದೇ ಬಿಚ್ಚಿ ನೋಡಿದ್ದರು. ಏನಿತ್ತೆಂದು ಯಾರೂ ಕೇಳಲಿಲ್ಲ.

ಸೋಮವಾರ ಕೋರ್ಟಿನಲ್ಲಿ ನೀಲಮಳಿಗೆ ಜಾಮೀನು ಸಿಕ್ಕಿತು. ಆದರೆ ಹೊಣೆ ನಿಲ್ಲುವವರು ಬೇಕು. ಗಂಡ ಸುರಜ ಬಂದಿರಲಿಲ್ಲ. ಓಣಿಯ ಹದಿನೇಳು ಮಂದಿಯಲ್ಲಿ ಬಂದವಳು ಅಕ್ಕುತಾಯಿ ಒಬ್ಬಳೇ.

"ಹೊಲದ ಉತಾರ, ಪಹಣಿ ತಂದೀರೇನು?" ವಕೀಲರು ಕೇಳಿದರು.

"ಹೊಲಾ ಎಲ್ಲೈತ್ರಿ ನಮಗ?"

ಅವಳ ಹತ್ತಿರ ವೋಟಿನ ಕಾರ್ಡು ಇತ್ತು. ವಕೀಲರು ಅದನ್ನು ನೋಡಿ ವಾಪಸ್ ಕೊಟ್ಟರು.

ನೀಲಮಳನ್ನು ವಾಪಸ್ ಜೈಲಿಗೆ ಒಯ್ಯುವ ವ್ಯಾನಿನ ಹತ್ತಿರ ದ್ರೌಪದಿ ಇಬ್ಬರನ್ನೂ ಎರಡು ನಿಮಿಷ ಮಾತಾಡಲು ಬಿಟ್ಟಳು. ನೀಲಮ ಮೊದಲು ಮದುಮಗಳ ವಿಷಯ ಕೇಳಲಿಲ್ಲ, ಗಂಡನ ವಿಷಯವನ್ನೂ ಕೇಳಲಿಲ್ಲ.

"ಅಕ್ಕಾ, ಬೀಗತಿ ಸೀರಿಗಿ ಏನಂದ್ಳು?"

ಅಕ್ಕುತಾಯಿ ಅವಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಛಲೋ ಐತಿ ಅಂದ್ಳು. ಯಾರೂ ನಗಲಿಲ್ಲ," ಎಂದಳು.